ರೈಲಿಲ್ಲದ ಊರಿನ ರೈಲು ಹುಚ್ಚಿ: ಕುಕ್ಕೆಯಿಂದ ಯಶವಂತಪುರಕ್ಕೆ ಅಜ್ಜಿ ಜೊತೆ ಒಂದು ಹಗಲು

ಭಾಗ 1/9

ಸ್ಟೋರಿಲಿ ಪೋಲ್ ಹಾಕಿದ್ದೆ, "ಘಾಟಿ ರೈಲಿನ ಕಥೆ ಬರೀಲಾ ಬೇಡ್ವಾ" ಅಂತ. ಬರಿ ಅಂದೋರೇ ಜಾಸ್ತಿ. ಬೇಡ ಅಂತ ಒತ್ತಿದ ನಮ್ಮ ಕ್ಲಾಸಿನ ಮೂರು ಜನ ಯಾರು ಅಂತ ಗೊತ್ತು, ಕಾಸ್ಟ್ ಅಕೌಂಟಿಂಗ್ ನೋಟ್ಸ್ ಕೇಳೋಕೆ ಬನ್ನಿ ಆಮೇಲೆ.

ಮೊದಲು ಒಂದು ವಿಷಯ. ನಮ್ಮೂರು ಬಡವನಹಳ್ಳಿ, ಮಧುಗಿರಿ ತಾಲ್ಲೂಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಊರಲ್ಲಿ ಯಾವ್ದರಲ್ಲೂ ನಿಂತು ರೈಲು ಹತ್ತೋಕೆ ಇವತ್ತಿಗೂ ಆಗಲ್ಲ. ರೈಲು ಬೇಕು ಅಂದ್ರೆ ತುಮಕೂರಿಗೆ ಹೋಗಬೇಕು, ಇಲ್ಲಾ ಗೌರಿಬಿದನೂರು, ಹಿಂದೂಪುರದ ಕಡೆ ಹೋಗಬೇಕು. ಬೆಂಗಳೂರಿಂದ ತುಮಕೂರಿಗೆ ರೈಲು ಬಂದಿದ್ದು 1884ರಲ್ಲಿ, ಮೈಸೂರು ಮಹಾರಾಜರ ಕಾಲದಲ್ಲಿ. ಅಲ್ಲಿಂದ ಮಧುಗಿರಿಗೆ ಬಸ್ಸಲ್ಲಿ ಒಂದೂವರೆ ಗಂಟೆ ಆಗ್ಬಹುದು. ಆ ಒಂದೂವರೆ ಗಂಟೆ ದಾರಿಯನ್ನ ರೈಲು 140 ವರ್ಷದಲ್ಲೂ ದಾಟಿಲ್ಲ.

ಇಂಥ ಊರಲ್ಲಿ ಹುಟ್ಟಿ ನಂಗೆ ರೈಲು ಹುಚ್ಚು ಎಲ್ಲಿಂದ ಹತ್ತಿತು ಅಂತ ಎಲ್ರೂ ಕೇಳ್ತಾರೆ. ಇಲ್ಲದ್ದಕ್ಕೇ ಹತ್ತಿತು ಅನ್ಸುತ್ತೆ. ಮನೆ ಹಿಂದೆನೇ ಹಳಿ ಇದ್ದಿದ್ರೆ ಸದ್ದು ಜಾಸ್ತಿ ಅಂತ ಬೈಕೊಂಡು ಮಲಗ್ತಿದ್ದೆನೇನೋ. ನಾನು ಹಾರ್ನ್ ಕೇಳಿ ಎಂಜಿನ್ ಯಾವ್ದು ಅಂತ ಹೇಳೋದು ಕಲಿತಿದ್ದು ಯೂಟ್ಯೂಬಲ್ಲಿ, ನಮ್ಮ ಹಟ್ಟಿ ಜಗಲಿ ಮೇಲೆ ಕೂತು. "ವೇರ್ ಈಸ್ ಮೈ ಟ್ರೇನ್" ಆಪಲ್ಲಿ ಯಾವ್ದೋ ರೈಲು ಯಾವ್ದೋ ಊರಿಗೆ ಎಷ್ಟು ಲೇಟು ಅಂತ ಸುಮ್ನೆ ನೋಡ್ತಾ ಕೂರ್ತಿದ್ದೆ. ನಮ್ಮಪ್ಪ ಅಂತಾರೆ, "ಊರಿಗೆ ಬರೋ ಬಸ್ ಟೈಮ್ ಗೊತ್ತಿಲ್ಲ, ಕಟಪಾಡಿ ರೈಲಿನ ಟೈಮ್ ಗೊತ್ತು ಇವಳಿಗೆ."

ಈ ಸೀರೀಸಲ್ಲಿರೋ ಫೋಟೋ ಎಲ್ಲಾ 2024ರ ಅಕ್ಟೋಬರ್‌ದು. ಈಗ್ಯಾಕೆ ಹಾಕ್ತಾ ಇದೀನಿ ಅನ್ನೋದು ಒಂಬತ್ತನೇ ಭಾಗದಲ್ಲಿ ಬರುತ್ತೆ.

ಭಾಗ 2/9

ಫೋಟೋದಲ್ಲಿರೋದು ನಮ್ಮಜ್ಜಿ. ಹಸಿರು ಸೀರೆ, ಕೈಲಿ ವೈರ್ ಬ್ಯಾಗು. ಎಪ್ಪತ್ತು ದಾಟಿದೆ. ಆವತ್ತಿನ ತನಕ ಒಂದು ಸಲಾನೂ ರೈಲು ಹತ್ತಿರಲಿಲ್ಲ.

ನಾನು ಹತ್ತನೇ ಕ್ಲಾಸಲ್ಲಿದ್ದಾಗ ಸೊಂಟದ ಸುತ್ತ ಸರ್ಪಸುತ್ತು ಆಗಿತ್ತು. ಡಾಕ್ಟರು ಮಾತ್ರೆ ಕೊಟ್ರು, ವಾಸಿ ಆಯ್ತು. ಆದರೆ ಅಜ್ಜಿ ಲೆಕ್ಕದಲ್ಲಿ ವಾಸಿ ಮಾಡಿದ್ದು ಕುಕ್ಕೆ ಸುಬ್ಬಪ್ಪ. "ಮೊಮ್ಮಗಳನ್ನ ಕರ್ಕೊಂಡ್ ಬತ್ತೀನಿ ಸ್ವಾಮಿ" ಅಂತ ಹರಕೆ ಹೊತ್ತಿತ್ತು. ಆಮೇಲೆ ಪಿಯುಸಿ, ಸಿಇಟಿ, ಅಡ್ಮಿಷನ್ ಅಂತ ಮುಂದಕ್ಕೆ ಹೋಗ್ತಾ ಹೋಗ್ತಾ ಡಿಗ್ರಿ ಮೊದಲ ವರ್ಷದ ದಸರಾ ರಜೆಗೆ ಕೂಡಿ ಬಂತು.

ಹೋಗೋವಾಗ ಬಸ್ಸು. ಬಡವನಹಳ್ಳಿ, ತುಮಕೂರು, ಹಾಸನ, ಕುಕ್ಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ಇಬ್ರಿಗೂ ಆಧಾರ್ ತೋರಿಸಿ ಜೀರೋ ಟಿಕೆಟ್. ಬರೋವಾಗ ರೈಲಲ್ಲಿ ಬರೋಣ ಅಂತ ನಾನು ಗುಟ್ಟಾಗಿ ಬುಕ್ ಮಾಡಿದ್ದೆ. ಕುಕ್ಕೆಲಿ ರೂಮಲ್ಲಿ ಮಲಗಿದಾಗ ಹೇಳಿದೆ.

"ದುಡ್ಡು ಕೊಟ್ಟಾ?"

"ಹೂಂ ಅಜ್ಜಿ, ಒಬ್ರಿಗೆ ಇನ್ನೂರು ರೂಪಾಯಿ ಒಳಗೇ."

"ಬಸ್ಸಲ್ಲಿ ಪುಕ್ಸಟ್ಟೆ ಹೋಗೋದ್ ಬಿಟ್ಟು ರೈಲಿಗ್ಯಾಕೆ ದುಡ್ಡು ಹಾಕ್ದೆ? ಓದ್ದೋಳು ಅಂತಾರೆ ನಿನ್ನ."

ನಾನು ಬಿಕಾಂ ಓದೋಳು, ಈ ಪ್ರಶ್ನೆಗೆ ನನ್ನತ್ರ ಉತ್ತರ ಇರಲಿಲ್ಲ. ಹಿರಿಯರಿಗೆ ಅಂತ ರೈಲ್ವೆಯವರು ಕೊಡ್ತಿದ್ದ ರಿಯಾಯಿತಿ, ಹೆಂಗಸರಿಗೆ ಅರ್ಧ ಟಿಕೆಟ್, 2020ರ ಮಾರ್ಚ್‌ನಲ್ಲಿ ಕೊರೊನಾ ಟೈಮಲ್ಲಿ ನಿಂತಿದ್ದು ಮತ್ತೆ ಶುರುವಾಗಿಲ್ಲ. ಅದನ್ನ ಹೇಳಿದ್ರೆ ಇನ್ನೂ ಬೈತಿತ್ತು. "ಕಿಟಕಿ ಸೀಟು ಅಜ್ಜಿ" ಅಂದೆ. ಸುಮ್ನಾಯ್ತು.

ಭಾಗ 3/9

ಬೆಳಿಗ್ಗೆ ದರ್ಶನ ಆಯ್ತು. ಪ್ರಸಾದದ ಊಟಕ್ಕೆ ಕೂತ್ರೆ ರೈಲು ತಪ್ಪುತ್ತೆ, ಊಟ ಬಿಟ್ರೆ ಅಜ್ಜಿ ಪ್ರಕಾರ ಹರಕೆನೇ ಅರ್ಧ. ಕೊನೆಗೆ ದೇವಸ್ಥಾನದ ಬಾಗಿಲ ಕಡೆ ತಿರುಗಿ ಕೈ ಮುಗಿದು, "ಇವಳ ರೈಲಿಂದ ಹಿಂಗಾಯ್ತು, ಇವಳ ಲೆಕ್ಕಕ್ಕೇ ಬರ್ಕೊಳಪ್ಪ" ಅಂತು.

ಸ್ಟೇಷನ್ನು ಕುಕ್ಕೆ ಊರೊಳಗಿಲ್ಲ. ನೆಟ್ಟಣ ಅಂತ ಜಾಗ, ಹತ್ತು ಹನ್ನೆರಡು ಕಿಲೋಮೀಟರ್ ದೂರ. ಬೋರ್ಡಲ್ಲಿ "ಸುಬ್ರಹ್ಮಣ್ಯ ರೋಡ್" ಅಂತಿರುತ್ತೆ. ಸುತ್ತ ಅಡಿಕೆ ತೋಟ, ಕಾಡು, ಮಧ್ಯದಲ್ಲಿ ಉದ್ದಕ್ಕೆ ಮಲಗಿರೋ ಪ್ಲಾಟ್‌ಫಾರ್ಮು.

ನಮ್ಮ ರೈಲು ಗೊಮ್ಮಟೇಶ್ವರ ಎಕ್ಸ್‌ಪ್ರೆಸ್, 16576. ಮಂಗಳೂರು ಜಂಕ್ಷನ್‌ನಿಂದ ಯಶವಂತಪುರಕ್ಕೆ ವಾರಕ್ಕೆ ಮೂರು ದಿನ. ಹಗಲು ಹೊತ್ತಲ್ಲೇ ಘಾಟಿ ಹತ್ತೋ ರೈಲುಗಳಲ್ಲಿ ಇದೊಂದು. ಕಾರವಾರದಿಂದ ಬರೋದು ಇನ್ನೊಂದು. ಇದರಲ್ಲಿ 2021ರ ಜುಲೈನಿಂದ ವಿಸ್ಟಾಡೋಮ್ ಬೋಗಿನೂ ಇದೆ, ಗಾಜಿನ ಚಾವಣಿ, ತಿರುಗೋ ಸೀಟು, ಒಂದು ಬೋಗಿಗೆ 44 ಸೀಟು. ರೀಲ್ಸಲ್ಲಿ ನೀವೆಲ್ಲ ನೋಡಿರ್ತೀರ. ಅದರ ಟಿಕೆಟ್ ನಮ್ಮ ಟಿಕೆಟ್ಟಿನ ಎಷ್ಟೋ ಪಟ್ಟು. ನಾವು ಸೆಕೆಂಡ್ ಸಿಟಿಂಗ್. ಒಂದು ಮಾತು ಹೇಳ್ತೀನಿ, ಗಾಜಿಲ್ಲದ ಕಿಟಕಿಲಿ ಗಾಳಿ ಬರುತ್ತೆ, ನೀರಿನ ಹನಿ ಬರುತ್ತೆ, ಎಂಜಿನ್ ಸದ್ದು ಬರುತ್ತೆ. ನಂಗೆ ಅದೇ ಬೇಕಿತ್ತು.

ನೆಟ್ಟಣದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತೆ. ಯಾಕಂದ್ರೆ ಇಲ್ಲಿ ಹಿಂದುಗಡೆ ಬ್ಯಾಂಕರ್ ಎಂಜಿನ್ ಸೇರಿಸ್ತಾರೆ. ಮುಂದೆ ಒಂದು ಎಳೆಯುತ್ತೆ, ಹಿಂದೆ ಜೋಡಿ ಎಂಜಿನ್ ನೂಕುತ್ತೆ. ಮುಂದೇನೇ ಎಲ್ಲಾ ಎಂಜಿನ್ ಹಾಕಬಹುದಲ್ವಾ ಅಂತ ಕೇಳ್ತೀರ. ಹಾಕಿದ್ರೆ ಇಡೀ ರೈಲಿನ ಭಾರ ಮೊದಲ ಬೋಗಿಯ ಕೊಂಡಿ ಮೇಲೆ ಬೀಳುತ್ತೆ. ಹಿಂದಿನಿಂದ ನೂಕಿದ್ರೆ ಭಾರ ಹಂಚಿ ಹೋಗುತ್ತೆ. ಕೆಸರಲ್ಲಿ ಸಿಕ್ಕೊಂಡ ಕಡ್ಲೆಕಾಯಿ ಗಾಡಿಗೆ ಮುಂದೆ ಎತ್ತು, ಹಿಂದೆ ಹೆಗಲು ಕೊಡಲ್ವಾ, ಅದೇ ಲೆಕ್ಕ. ಅಜ್ಜಿಗೆ ಹಿಂಗೇ ಹೇಳಿದೆ. "ಹಂಗಾರೆ ಗೊತ್ತಾಯ್ತು ಬಿಡು" ಅಂತು.

ಫೋಟೋ 3ರಲ್ಲಿ ಬ್ಯಾಂಕರ್ ಜೋಡಿ ಇದೆ. ಡಬ್ಲ್ಯೂಡಿಜಿ-4, ಡೀಸೆಲ್, ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡು. ಸದ್ದು ಕೇಳಬೇಕು ಅಂದ್ರೆ ಕೊನೇ ಸ್ಲೈಡ್ ವಿಡಿಯೋ, ಇಯರ್‌ಫೋನ್ ಹಾಕ್ಕೊಳ್ಳಿ.

ಭಾಗ 4/9

ಇದು ಪಾಠದ ಪೋಸ್ಟ್. ಬೋರ್ ಅನ್ನೋರು 5ಕ್ಕೆ ಹೋಗಿ, ಆದ್ರೆ ಓದಿದ್ರೆ ಮುಂದಿಂದು ಚೆನ್ನಾಗಿ ಅರ್ಥ ಆಗುತ್ತೆ.

ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್. ಇಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಅಂದ್ರೆ ಸರಾಸರಿ ಕಿಲೋಮೀಟರ್‌ಗೆ ಒಂದು ಸುರಂಗ. ಏರು 50ಕ್ಕೆ 1, ಅಂದ್ರೆ 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ. ಬೈಕಲ್ಲಿ ಹೋಗೋರಿಗೆ ಇದು ಏರು ಅಂತಾನೇ ಗೊತ್ತಾಗಲ್ಲ. ಆದ್ರೆ ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ, ಹಿಡಿತ ಕಮ್ಮಿ, ಮಳೇಲಿ ಇನ್ನೂ ಕಮ್ಮಿ. ರೈಲಿಗೆ ಇದು ಭಾರಿ ಏರು. ಅದಕ್ಕೇ ಗಂಟೆಗೆ 30 ಕಿಲೋಮೀಟರ್ ಒಳಗೇ ಹೋಗುತ್ತೆ. 55 ಕಿಲೋಮೀಟರ್‌ಗೆ ಎರಡು ಗಂಟೆ ಮೇಲೇ ಬೇಕು.

ಈ ದಾರಿ ಕಟ್ಟೋಕೆ ಶುರು ಮಾಡಿದ್ದು 1960ರ ದಶಕದಲ್ಲಿ, ಮುಗಿದಿದ್ದು 1979ರಲ್ಲಿ. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜು. ಮಂಗಳೂರಿನ ಹೊಸ ಬಂದರಿಗೂ ಮೇಲಿನ ಊರುಗಳಿಗೂ ಮಧ್ಯೆ ಘಟ್ಟ ಅಡ್ಡ ಇತ್ತಲ್ಲ, ಅದನ್ನ ದಾಟಿಸೋ ದಾರಿ ಇದು. ಆಮೇಲೆ 1996ರಲ್ಲಿ ಬ್ರಾಡ್‌ಗೇಜ್ ಮಾಡೋಕೆ ಅಂತ ನಿಲ್ಲಿಸಿದ್ರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ. ಜನರ ರೈಲು ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಮಧ್ಯದಲ್ಲಿ ಹನ್ನೊಂದು ವರ್ಷ ಕರಾವಳಿಯವರಿಗೆ ಬೆಂಗಳೂರಿಗೆ ಈ ದಾರಿಲಿ ರೈಲೇ ಇರಲಿಲ್ಲ.

ಅದೇ 2007-08ರ ಬಜೆಟ್ಟಲ್ಲಿ ಇನ್ನೊಂದು ಹೆಸರು ಬಂದಿತ್ತು, ತುಮಕೂರು-ರಾಯದುರ್ಗ ಹೊಸ ಮಾರ್ಗ. ಕೊರಟಗೆರೆ, ಮಧುಗಿರಿ, ಪಾವಗಡ, ಕಲ್ಯಾಣದುರ್ಗದ ಮೇಲೆ ಹೋಗಿ ಬಳ್ಳಾರಿ ಕಡೆ ಸೇರೋದು. 207 ಕಿಲೋಮೀಟರ್. ಆಗ ನಾನು ತೊಟ್ಟಿಲಲ್ಲಿದ್ದೆ. ಆ ಲೈನೂ ನಾನೂ ಒಟ್ಟಿಗೆ ಬೆಳೆದೋರು. ನಾನು ಡಿಗ್ರಿಗೆ ಬಂದೆ, ಅದು ರಾಯದುರ್ಗದ ಕಡೆಯಿಂದ ಆಂಧ್ರದ ಭಾಗದಲ್ಲಿ ಕಲ್ಯಾಣದುರ್ಗ ದಾಟಿ ಒಂದಷ್ಟು ದೂರ ಬಂತು, ನಮ್ಮ ಕಡೆ ಮಣ್ಣಿನ ಏರಿ, ಸೇತುವೆ ಕಂಬಗಳಲ್ಲಿದೆ.

ಭಾಗ 5/9

ರೈಲು ಹೊರಟ ಹತ್ತು ನಿಮಿಷಕ್ಕೆ ಮೊದಲ ಸುರಂಗ. ಬೋಗಿಲಿ ಕತ್ತಲಾದ ತಕ್ಷಣ ಹುಡುಗರು "ಓ..." ಅಂತ ಕೂಗಿದ್ರು. ಅಜ್ಜಿ ನನ್ನ ಮೊಣಕೈ ಗಟ್ಟಿಯಾಗಿ ಹಿಡ್ಕೊಂಡ್ತು. ಬೆಳಕು ಬಂದ ಮೇಲೆ ಬಿಟ್ಟು, ಏನೂ ಆಗಿಲ್ಲ ಅನ್ನೋ ಥರ ಸೆರಗು ಸರಿ ಮಾಡ್ಕೊಂಡ್ತು.

"ಇಂಥವು ಎಷ್ಟೈತೆ?"

"ಐವತ್ತೇಳು."

"ಸುಳ್ಳು."

"ಎಣಿಸು ಬೇಕಾದ್ರೆ."

ವೈರ್ ಬ್ಯಾಗಲ್ಲಿ ಮನೆಯಿಂದ ತಂದ ಹುರಿದ ಕಡ್ಲೆಕಾಯಿ ಇತ್ತು. ಅಜ್ಜಿ ಮಡಿಲಿಗೆ ಒಂದು ಬೊಗಸೆ ಸುರ್ಕೊಂಡು, ಒಂದು ಸುರಂಗ ದಾಟಿದ್ರೆ ಒಂದು ಕಾಯಿ ತೆಗೆದು ಕಿಟಕಿ ಕಟ್ಟೆ ಮೇಲೆ ಇಡೋಕೆ ಶುರು ಮಾಡ್ತು. ಎದುರು ಸೀಟಲ್ಲಿ ಪುತ್ತೂರು ಕಡೆಯ ಒಬ್ಬ ಆಂಟಿ, ಅವರ ಚಿಕ್ಕ ಮಗ. ಆ ಹುಡುಗನೂ ಎಣಿಸೋಕೆ ಸೇರ್ಕೊಂಡ. ಅವನ ಮಂಗಳೂರು ಕನ್ನಡ ಅಜ್ಜಿಗೆ ಅರ್ಧ, ಅಜ್ಜಿ ಭಾಷೆ ಅವನಿಗೆ ಅರ್ಧ. "ಅಜ್ಜಿ ಮಾರಾಯ್ರೆ, ಇದು ಸಣ್ಣದು, ಇದನ್ನು ಲೆಕ್ಕ ಮಾಡ್ಲಿಕ್ಕೆ ಉಂಟಾ?" ಅಂತಾನೆ. "ಸಣ್ಣದಾದ್ರೂ ಕತ್ಲೆ ಕತ್ಲೆನೇ, ಇಡು" ಅಂತು ಅಜ್ಜಿ.

ಸುರಂಗಕ್ಕೂ ಸುರಂಗಕ್ಕೂ ಮಧ್ಯೆ ಸೇತುವೆ. ಕೆಳಗೆ ನೋಡಿದ್ರೆ ಮರದ ತುದಿ. ಮರದ ತುದಿನ ಮೇಲಿಂದ ನೋಡೋದು ನನಗೂ ಹೊಸದು. ನಮ್ಮ ಕಡೆ ಮೇಲಿಂದ ನೋಡಬೇಕು ಅಂದ್ರೆ ಮಧುಗಿರಿ ಬೆಟ್ಟ ಹತ್ತಬೇಕು, ಅಲ್ಲಿಂದ ಕಾಣೋದು ಕಲ್ಲು, ಹೊಲ, ಒಣಗಿದ ಕೆರೆ ಅಂಗಳ. ಇಲ್ಲಿ ಎಲ್ಲಾ ಹಸಿರು, ಹಸಿರಿನ ಮೇಲೆ ಹೊಗೆ ಥರ ಮಂಜು. ತಿರುವಲ್ಲಿ ಮುಂದಿನ ಎಂಜಿನ್ ಕಾಣುತ್ತೆ, ಇನ್ನೊಂದು ತಿರುವಲ್ಲಿ ಹಿಂದಿನ ಬ್ಯಾಂಕರ್ ಕಾಣುತ್ತೆ. ಒಂದೇ ರೈಲಿನ ತಲೆ ಬಾಲ ಎರಡೂ ಒಂದೇ ಕಿಟಕಿಲಿ.

ಬಾಗಿಲಲ್ಲಿ ಹುಡುಗರು ಜೋತು ಬಿದ್ದು ರೀಲ್ ಮಾಡ್ತಿದ್ರು. ಗೆಳೆಯರೇ, ಸುರಂಗದ ಗೋಡೆಗೂ ಬೋಗಿಗೂ ಇರೋ ಜಾಗ ತುಂಬಾ ಕಮ್ಮಿ. ನನ್ನ ಈ ಎಲ್ಲಾ ಫೋಟೋ ಸೀಟಲ್ಲಿ ಕೂತು ತೆಗೆದಿದ್ದು. ಚೆನ್ನಾಗಿಲ್ವಾ ಹೇಳಿ?

ಕಡ್ಲೆಕಾಯಿ ಲೆಕ್ಕ ನಲವತ್ತಮೂರಕ್ಕೆ ನಿಂತೋಯ್ತು. ರೈಲು ಒಂದು ಸಲ ಜಗ್ಗಿ ಎಲ್ಲಾ ಕೆಳಗೆ ಬಿತ್ತು. ಬಿದ್ದಿದ್ದನ್ನ ಆರಿಸಿ ಆ ಹುಡುಗನೂ ಅಜ್ಜಿನೂ ಸುಲಿದು ತಿಂದ್ರು.

ಭಾಗ 6/9

ಫೋಟೋ 1: ಎಡಕುಮೇರಿ ಸ್ಟೇಷನ್.

ಘಾಟಿ ಮಧ್ಯದಲ್ಲಿ ಸಣ್ಣ ಸಣ್ಣ ಸ್ಟೇಷನ್ ಇವೆ. ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್. ಹೆಸರೇ ಎಷ್ಟು ಚೆನ್ನಾಗಿದೆ ನೋಡಿ. ಇಲ್ಲಿ ಇಳಿಯೋ ಜನ ಕಮ್ಮಿ, ಇವು ರೈಲುಗಳು ಒಂದಕ್ಕೊಂದು ದಾರಿ ಬಿಡೋಕೆ ಇರೋ ಜಾಗಗಳು. ಒಂಟಿ ಹಳಿ ಅಲ್ವಾ, ಎದುರಿಂದ ಗೂಡ್ಸ್ ಬಂದ್ರೆ ಯಾರಾದ್ರೂ ಒಬ್ರು ಕಾಯಲೇಬೇಕು. ನಾವು ಎಡಕುಮೇರಿಲಿ ಕಾದ್ವಿ. ಎಂಜಿನ್ ಸದ್ದು ಇಳಿದ ಮೇಲೆ ಕಾಡಿನ ಸದ್ದು ಕೇಳಿಸ್ತು. ಜೀರುಂಡೆ, ಎಲ್ಲೋ ನೀರು.

ಹಳಿ ಪಕ್ಕ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಇಬ್ಬರು ನಿಂತಿದ್ರು. ಒಬ್ಬರ ಕೈಲಿ ಸುತ್ತಿದ ಬಾವುಟ, ಇನ್ನೊಬ್ಬರ ಹೆಗಲ ಮೇಲೆ ಹಾರೆ. ಟ್ರ್ಯಾಕ್‌ಮನ್‌ಗಳು. ಅದೇ 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ಮಧ್ಯೆ ಹಳಿ ಕೆಳಗಿನ ಮಣ್ಣೇ ಜಾರಿ ಹೋಗಿತ್ತು. ಬೆಂಗಳೂರು-ಮಂಗಳೂರು ರೈಲುಗಳು ದಿನಗಟ್ಟಲೆ ರದ್ದಾದವು. ಸುರಿಯೋ ಮಳೇಲಿ ಹಗಲು ರಾತ್ರಿ ಕೆಲಸ ಮಾಡಿ, ಮರಳಿನ ಚೀಲ, ಕಲ್ಲು, ತಂತಿ ಬಲೆ ಹಾಕಿ ಗಟ್ಟಿ ಮಾಡಿ ಆಗಸ್ಟ್‌ನಲ್ಲಿ ಮತ್ತೆ ಬಿಟ್ರು. ಇಲ್ಲಿಗೆ ಲಾರಿ ಬರೋ ಅಂಥ ಸರಿಯಾದ ರಸ್ತೆ ಇಲ್ಲ. ಬೇಕಾಗಿದ್ದ ಸಾಮಾನೆಲ್ಲ ಹಳಿ ಮೇಲೇ ಬರಬೇಕು.

ಆ ಜಾಗ ದಾಟೋವಾಗ ನಮ್ಮ ರೈಲು ನಡೆದುಕೊಂಡು ಹೋದ ಹಾಗೆ ಹೋಯ್ತು. ಕೆಳಗೆ ಹೊಸ ಕಲ್ಲಿನ ಗೋಡೆ, ಮಣ್ಣು ಇನ್ನೂ ಕೆಂಪಗೆ ಹಸಿ. ಮೇಲಿನ ಇಳಿಜಾರಲ್ಲಿ ಬೇರು ಗಾಳಿಲಿ ನೇತಾಡ್ತಿತ್ತು.

ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡ್ಕೊಂಡು ಈ ಹಳಿ ಉದ್ದಕ್ಕೂ ನಡೀತಾರೆ ಇವರು, ಕಲ್ಲು ಬಿದ್ದಿದೆಯಾ, ಮರ ಬಿದ್ದಿದೆಯಾ ಅಂತ ನೋಡೋಕೆ. ಆನೆ ಓಡಾಡೋ ಕಾಡು. ನಾವು ರೈಲ್‌ಫ್ಯಾನ್ ಅಂತ ಹೇಳ್ಕೊಳ್ಳೋರಿಗೆ ಎಂಜಿನ್ ನಂಬರ್ ಬಾಯಿಪಾಠ ಇರುತ್ತೆ, ಇವರ ಫೋಟೋ ಮಾತ್ರ ಯಾರ ಗ್ಯಾಲರಿಲೂ ಇರಲ್ಲ. ನನ್ನ ಗ್ಯಾಲರಿಲೂ ಮುಖ ಇಲ್ಲ, ಕೇಳದೆ ಹಾಕಬಾರ್ದು ಅಂತ ಬೆನ್ನಿನ ಫೋಟೋ ಹಾಕಿದೀನಿ. ಅಜ್ಜಿ ಕಿಟಕಿಯಿಂದ ಒಂದು ಹಿಡಿ ಕಡ್ಲೆಕಾಯಿ ಚಾಚಿತು. ಹಾರೆ ಹಿಡಿದವರು ಹತ್ತಿರ ಬಂದು ಎರಡೂ ಕೈ ಒಡ್ಡಿ ತಗೊಂಡ್ರು. "ಯಾವೂರಮ್ಮ?" ಅಂದ್ರು. "ಮಧುಗಿರಿ ತಾವ" ಅಂತು ಅಜ್ಜಿ. ಅಷ್ಟರಲ್ಲಿ ಗೂಡ್ಸ್ ಬಂತು.

ಭಾಗ 7/9

ಈ ಭಾಗಕ್ಕೋಸ್ಕರಾನೇ ಇಡೀ ಸೀರೀಸ್ ಬರೆದಿದ್ದು.

ಕಡಗರವಳ್ಳಿ ಬಿಟ್ಟ ಮೇಲೆ ಎಲ್ಲಿ ನೋಡಿದ್ರೂ ನೀರು. ಬಂಡೆ ಸಂದಿಯಿಂದ, ಸುರಂಗದ ಬಾಯಿಂದ, ಹಳಿ ಪಕ್ಕದ ಕಾಲುವೇಲಿ. ಅಕ್ಟೋಬರ್‌ನಲ್ಲೂ. ಈ ಘಟ್ಟದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೇಲೆ ಮಳೆ. ನಮ್ಮ ಕಡೆ ಆರೇಳು ನೂರು ಬಿದ್ರೆ ಒಳ್ಳೆ ವರ್ಷ ಅಂತಾರೆ. ಅಜ್ಜಿ ಸುರಂಗ ಬಿಟ್ಟು ಈಗ ನೀರು ನೋಡ್ತಾ ಕೂತಿತ್ತು. ತುಂಬಾ ಹೊತ್ತು ಮಾತಾಡಲಿಲ್ಲ. ಮದುವೆಯಾಗಿ ಬಂದಾಗಿಂದ ಅಜ್ಜಿ ನೀರು ಹೊತ್ತಿದೆ. ಮೊದಲು ಬಾವಿ, ಬಾವಿ ಬತ್ತಿದ ಮೇಲೆ ಬೋರಿನ ಕೈಪಂಪು, ಆಮೇಲೆ ಟ್ಯಾಂಕರ್ ಮುಂದೆ ಬಿಂದಿಗೆ ಸಾಲು. ನಮ್ಮ ಜಯಮಂಗಲಿ ನದಿಯಲ್ಲಿ ನಾನು ನೀರಿಗಿಂತ ಮರಳು ನೋಡಿದ್ದೇ ಜಾಸ್ತಿ.

ಆಗ ಕೇಳ್ತು. "ಈ ನೀರೆಲ್ಲ ಯಾರ್ದು?"

ದೋಣಿಗಲ್‌ಗಿಂತ ಮುಂಚೆ ಒಂದು ಸೇತುವೆ ಬರುತ್ತೆ. ಕೆಳಗೆ ಹರಿಯೋದು ಎತ್ತಿನಹೊಳೆ. ಹೆಸರು ಕೇಳಿದೀರಲ್ವಾ? ಎಲೆಕ್ಷನ್ ಬಂದಾಗೆಲ್ಲ ಮೈಕಲ್ಲಿ ಕೇಳೋ ಹೆಸರು. ಈ ಹೊಳೆ ಮತ್ತು ಇದರ ಅಕ್ಕಪಕ್ಕದ ಹಳ್ಳಗಳಿಗೆ ಕಟ್ಟೆ ಕಟ್ಟಿ, ಪಂಪ್ ಮಾಡಿ ಘಟ್ಟ ಹತ್ತಿಸಿ, ಕಾಲುವೇಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಒಣ ತಾಲ್ಲೂಕುಗಳಿಗೆ ತರೋದು ಯೋಜನೆ. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಜಲಾಶಯ ಅಂತ ಪ್ಲಾನ್ ಇದೆ. ನಾವು ಹೋಗೋಕೆ ಒಂದು ತಿಂಗಳ ಮುಂಚೆ, 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಮೊದಲ ಹಂತದ ನೀರು ಎತ್ತೋದನ್ನ ಉದ್ಘಾಟನೆ ಮಾಡಿದ್ರು.

"ನಮ್ದಂತೆ ಅಜ್ಜಿ. ಇಲ್ಲಿಂದ ನಮ್ಮ ಕಡೆಗೆ ತರ್ತಾರಂತೆ" ಅಂದೆ.

ಎದುರು ಸೀಟಿನ ಪುತ್ತೂರು ಆಂಟಿ ಅಲ್ಲಿ ತನಕ ನಗ್ತಾ ಇದ್ದೋರು, ನಿಧಾನಕ್ಕೆ ಹೇಳಿದ್ರು. "ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲೂ ನೀರಿರುದಿಲ್ಲ ಅಮ್ಮ. ಇಲ್ಲಿಯ ಹಳ್ಳ ಎಲ್ಲ ಕೆಳಗೆ ಕುಮಾರಧಾರ, ನೇತ್ರಾವತಿಗೇ ಬರುವುದು. ಮೇಲೆಯೇ ತೆಗೆದ್ರೆ ನಮಗೆ ಎಂತ ಉಂಟು?"

ಜಗಳದ ದನಿ ಅಲ್ಲ ಅದು. ಅವರ ಮನೆ ಬಾವಿ ಬಗ್ಗೆ ಅವರಿಗಿರೋ ಭಯ. ಸರ್ಕಾರ ಇಲ್ಲಿಂದ 24 ಟಿಎಂಸಿ ಸಿಗುತ್ತೆ ಅನ್ನುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿ 9.55 ಟಿಎಂಸಿ ಅಂದಿತ್ತು. ಬ್ಯಾಲೆನ್ಸ್ ಶೀಟಲ್ಲಿ ಒಂದು ರೂಪಾಯಿ ತಾಳೆ ಆಗದಿದ್ರೆ ನಮಗೆ ಮಾರ್ಕ್ಸ್ ಕೊಡಲ್ಲ. ಇಲ್ಲಿ ವ್ಯತ್ಯಾಸ ಹದಿನಾಲ್ಕೂವರೆ ಟಿಎಂಸಿ.

ಅಜ್ಜಿ ಇದ್ಯಾವ್ದೂ ಕೇಳಿಸ್ಕೊಳ್ಳಲಿಲ್ಲ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಆ ಆಂಟಿ ಕಡೆ ತಿರುಗಿ, "ನಿಮ್ಮ ಬಾವಿ ಎಷ್ಟ್ ಆಳ ಐತಮ್ಮ?" ಅಂತ ಕೇಳ್ತು. ಅವರು ಹೇಳಿದ್ರು. ಅಜ್ಜಿ ನಮ್ಮ ಬೋರಿನ ಆಳ ಹೇಳ್ತು. ಅವರು ಬಾಯಿ ಮೇಲೆ ಕೈ ಇಟ್ಕೊಂಡ್ರು. ಸಕಲೇಶಪುರ ಬರೋ ತನಕ ಇಬ್ಬರೂ ಬಾವಿ, ಬಿಂದಿಗೆ, ಹಗ್ಗದ ಬಗ್ಗೆನೇ ಮಾತಾಡಿದ್ರು. ನೀರು ಯಾರದು ಅನ್ನೋದು ಅಲ್ಲೇ ಉಳೀತು, ನಾನೂ ಮುಗಿಸೋಕೆ ಹೋಗಲಿಲ್ಲ. ಆದ್ರೆ ಆವತ್ತಿಂದ "ನೀರು ಬರುತ್ತೆ" ಅಂತ ಯಾರಾದ್ರೂ ಭಾಷಣ ಮಾಡಿದ್ರೆ ನಂಗೆ ಆ ಆಂಟಿ ಮುಖನೂ ನೆನಪಾಗುತ್ತೆ.

ಭಾಗ 8/9

ಸಕಲೇಶಪುರ. ಇಲ್ಲಿಗೆ 900 ಮೀಟರ್ ಎತ್ತರ. ಬ್ಯಾಂಕರ್ ಕಳಚಿ ಬಿಟ್ರು. ಅವು ಮತ್ತೆ ಕೆಳಗೆ ಇಳಿದು ಇನ್ಯಾವ್ದೋ ರೈಲಿಗೆ ಹೆಗಲು ಕೊಡ್ತಾವೆ. ನಮ್ಮ ರೈಲು ಒಂದೇ ಸಲ ಹಗುರಾದ ಹಾಗೆ ಓಡೋಕೆ ಶುರು ಮಾಡ್ತು. ಕಾಫಿ ತೋಟ ಮುಗೀತು, ಗದ್ದೆ ಬಂತು, ಆಲೂಗಡ್ಡೆ ಹೊಲ ಬಂತು, ಹಾಸನ ಬಂತು.

ಹಾಸನದಿಂದ ಬೆಂಗಳೂರಿಗೆ ನೇರ ಹಳಿ ಇರೋದು 2017ರಿಂದ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ. ಅದಕ್ಕೂ ಮುಂಚೆ ಅರಸೀಕೆರೆ ಇಲ್ಲಾ ಮೈಸೂರು ಸುತ್ತಬೇಕಿತ್ತು. ಈ ಲೈನೂ ತೊಂಬತ್ತರ ದಶಕದಿಂದ ಎಳೆದೂ ಎಳೆದೂ ಮುಗಿದಿದ್ದು. ಬೆಳಗೊಳ ಬರೋ ಹೊತ್ತಿಗೆ ಸಂಜೆ ಬೆಳಕು ಇನ್ನೂ ಸ್ವಲ್ಪ ಇತ್ತು. ದೂರದಲ್ಲಿ ವಿಂಧ್ಯಗಿರಿ. "ಗೊಮ್ಮಟ ಅಲ್ಲೇ ಇರೋದು, ಐವತ್ತೆಂಟು ಅಡಿ" ಅಂದೆ. ಅಜ್ಜಿ ಕುಕ್ಕೆಗೆ ಮುಗಿದ ಕೈಯನ್ನೇ ಇಲ್ಲೂ ಮುಗೀತು.

ಕುಣಿಗಲ್ ಬಂದಾಗ ಕತ್ತಲು. "ಅಜ್ಜಿ, ಇದು ನಮ್ಮ ಜಿಲ್ಲೆ" ಅಂತ ಎಬ್ಬಿಸಿದೆ. ಕಿಟಕಿ ಹತ್ತಿರ ಮುಖ ತಂದು, ಪ್ಲಾಟ್‌ಫಾರ್ಮ್ ಲೈಟು, ಬೋರ್ಡು, ಬ್ಯಾಗ್ ಹಿಡ್ಕೊಂಡು ಇಳಿಯೋ ಜನ ಎಲ್ಲಾ ನೋಡ್ತು. "ಇವ್ರ್ ಮನೆ ತಾವ್ಲೇ ಇಳ್ಕಂಡ್ರು" ಅಂತು. ಅಷ್ಟೇ. ನಮಗೆ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಪೀಣ್ಯದ ಚಿಕ್ಕಪ್ಪನ ಮನೇಲಿ ಮಲಗಿ, ಬೆಳಿಗ್ಗೆ ಬಸ್ ಹಿಡಿದು ತುಮಕೂರು, ಕೊರಟಗೆರೆ, ಮಧುಗಿರಿ ದಾಟಿ ಊರು ಸೇರಬೇಕಿತ್ತು.

ಚಿಕ್ಕಬಾಣಾವರ ದಾಟಿದ ಮೇಲೆ ಬೆಂಗಳೂರು ಶುರು. ಅಪಾರ್ಟ್‌ಮೆಂಟ್ ಲೈಟು, ಮೆಟ್ರೋ ಕಂಬ, ರಸ್ತೆಲಿ ನಿಂತ ಗಾಡಿಗಳ ಕೆಂಪು ದೀಪ. ನಮ್ಮೂರಿಂದ ಎಷ್ಟು ಜನ ಈ ದೀಪದೊಳಗೆ ಇದಾರೆ! ಪೀಣ್ಯ, ದಾಸರಹಳ್ಳಿ, ನೆಲಗದರನಹಳ್ಳಿ. ಗಾರ್ಮೆಂಟ್ಸು, ವರ್ಕ್‌ಶಾಪು, ಹೋಟ್ಲು, ಆಟೋ. ಶನಿವಾರ ರಾತ್ರಿ ಊರ ಬಸ್ಸಿಗೆ ಜೋತು ಬಿದ್ದು ಬಂದು, ಸೋಮವಾರ ಮುಂಜಾನೆ ನಿಂತ್ಕೊಂಡೇ ವಾಪಸ್ ಹೋಗ್ತಾರೆ. ನಂಗೆ ರೈಲು ಹವ್ಯಾಸ. ಅವರಿಗೆ ರೈಲು ಬಂದ್ರೆ ಕೂತ್ಕೊಂಡು ಮನೆಗೆ ಬರೋ ದಾರಿ, ಊರು ಬಿಡದೆ ಕೆಲಸಕ್ಕೆ ಹೋಗೋ ದಾರಿ. ತುಮಕೂರಿನ ಜನ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಲ್ಲಿ ಡ್ಯೂಟಿ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರ್ತಾರಲ್ವಾ, ಅದು ಮಧುಗಿರಿಯವರಿಗೂ ಆಗ್ಬೇಕು.

ಭಾಗ 9/9

ಈಗ್ಯಾಕೆ ಹಾಕ್ತಾ ಇದೀನಿ ಅಂದ್ರೆ, ನಾನು ನೋಡಿದ ಘಾಟಿ ಈಗ ಹಂಗಿಲ್ಲ.

2025ರಲ್ಲಿ ಹಗಲು ರೈಲುಗಳನ್ನ ತಿಂಗಳುಗಟ್ಟಲೆ ನಿಲ್ಲಿಸಿ ಘಾಟಿಗೆ ಕರೆಂಟ್ ಲೈನ್ ಎಳೆದ್ರು. ಆ ಕಡಿದಾದ ಜಾಗದಲ್ಲಿ ಕಂಬ ನೆಟ್ಟು, 57 ಸುರಂಗದ ಚಾವಣಿಗೂ ತಂತಿ ಕಟ್ಟಿ, ಡಿಸೆಂಬರ್ ಕೊನೆಗೆ ಎಲೆಕ್ಟ್ರಿಕ್ ಎಂಜಿನ್ ಓಡಿಸಿ ನೋಡಿದ್ರು. ಡೀಸೆಲ್ ಬ್ಯಾಂಕರಿನ ಆ ಗುಡುಗು ಇನ್ನು ಮೇಲೆ ಹಳೇ ವಿಡಿಯೋದಲ್ಲಿ ಮಾತ್ರ. ಗ್ರೂಪಲ್ಲಿ ಎಷ್ಟೋ ಜನ ಅಳೋ ಇಮೋಜಿ ಹಾಕಿದ್ರು. ನಂಗೂ ಬೇಜಾರಾಯ್ತು. ಆದ್ರೆ ಸುರಂಗದೊಳಗೆ ಆ ಹೊಗೆ ಕುಡಿದಿದ್ದೂ ನೆನಪಿದೆ. ಅಲ್ಲಿ ದಿನಾ ಕೆಲಸ ಮಾಡೋ ಟ್ರ್ಯಾಕ್‌ಮನ್‌ಗಳಿಗೆ ಇದು ಒಳ್ಳೇದೇ.

ಇನ್ನೊಂದು ತಮಾಷೆ ಯೋಚನೆ. ಪಾವಗಡದ ತಿರುಮಣಿ ಹತ್ರ 13 ಸಾವಿರ ಎಕರೆಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್. ರೈತರ ಜಮೀನು ಗುತ್ತಿಗೆಗೆ ತಗೊಂಡು ಮಾಡಿರೋದು. ಗ್ರಿಡ್‌ಗೆ ಸೇರಿದ ಕರೆಂಟಿಗೆ ಊರಿನ ಹೆಸರಿರಲ್ಲ. ಹಂಗಾಗಿ ಘಾಟಿಲಿ ರೈಲು ಎಳೆಯೋ ಕರೆಂಟಲ್ಲಿ ನಮ್ಮ ಬಿಸಿಲೂ ಒಂದು ಚೂರು ಇರಬಹುದು. ಅವರ ನೀರು ನಮಗೆ ಬರುತ್ತೋ ಇಲ್ವೋ, ನಮ್ಮ ಬಿಸಿಲು ಅವರ ಘಟ್ಟ ಹತ್ತೋ ಕಾಲ ಬಂತು. ಆ ಪುತ್ತೂರು ಆಂಟಿ ಸಿಕ್ಕಿದ್ರೆ ಹೇಳ್ತಿದ್ದೆ.

ನಮ್ಮ ಲೈನಿನ ಸುದ್ದಿ. ತುಮಕೂರಿನ ಸಂಸದರು ವಿ. ಸೋಮಣ್ಣ 2024ರ ಜೂನ್‌ನಿಂದ ರೈಲ್ವೆ ರಾಜ್ಯ ಸಚಿವರು. ಅವರು ಬಂದ ಮೇಲೆ ರಾಯದುರ್ಗ ಲೈನು, ಶಿರಾ ಮೇಲೆ ಹೋಗೋ ತುಮಕೂರು-ದಾವಣಗೆರೆ ಲೈನು ಎರಡರ ಹೆಸರೂ ಪೇಪರಲ್ಲಿ ಜಾಸ್ತಿ ಬರ್ತಿದೆ. ನಾನು ಮಧುಗಿರಿಗೆ ಹೋದಾಗೆಲ್ಲ ಏರಿ ಎಷ್ಟು ಮುಂದೆ ಬಂದಿದೆ ಅಂತ ನೋಡಿ ಬರ್ತೀನಿ. ತಾರೀಖು ಯಾರು ಹೇಳಿದ್ರೂ ಬರ್ಕೊಳ್ಳಲ್ಲ, ಏರಿ ಮೇಲೆ ಜಲ್ಲಿ ಬಿದ್ದ ದಿನ ಬರ್ಕೊಳ್ತೀನಿ.

ಅಜ್ಜಿ ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಗಿದೆ. ವಾಕರ್ ಹಿಡ್ಕೊಂಡು ಅಂಗಳದ ತನಕ ಓಡಾಡುತ್ತೆ. ಬಸ್ ಮೆಟ್ಟಿಲು ಹತ್ತೋಕಾಗಲ್ಲ. ಮಧುಗಿರಿಗೆ ರೈಲು ಬಂದ್ರೆ ಮೊದಲ ದಿನ ನಾನೇ ಕೂರೋದು, ಕಿಟಕಿ ಸೀಟು ಹಿಡ್ದಿರು ಅಂತ ನಂಗೆ ಹೇಳಿಟ್ಟಿದೆ. ಆಗ್ಲೂ ಟಿಕೆಟ್ ಬಗ್ಗೆ ಜಗಳ ಮಾಡೇ ಮಾಡುತ್ತೆ.

ಹೋಗೋರಿಗೆ ಟಿಪ್ಸ್: ಜುಲೈ-ಆಗಸ್ಟ್‌ಲಿ ಮಂಜು, ನೀರು ಜಾಸ್ತಿ, ಆದ್ರೆ ಗುಡ್ಡ ಕುಸಿದು ರದ್ದಾಗೋ ಭಯನೂ ಇದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬೆಸ್ಟು. ಹೊರಡೋ ಮುಂಚೆ ಆಪಲ್ಲಿ ದಿನ, ಟೈಮು ಚೆಕ್ ಮಾಡಿ. ಸೆಕೆಂಡ್ ಸಿಟಿಂಗ್ ಸಾಕು. ಘಾಟಿ ಹಳಿ ಮೇಲೆ ಟ್ರೆಕಿಂಗ್ ಮಾಡಂಗಿಲ್ಲ, ಹಿಡಿದ್ರೆ ದಂಡ. ತಿನ್ನೋಕೆ ಕಡ್ಲೆಕಾಯಿ ಒಯ್ಯಿರಿ, ಸಿಪ್ಪೆ ಕವರಲ್ಲಿ ಹಾಕಿ.

ನಿಮ್ಮ ಮನೇಲಿ ಇನ್ನೂ ರೈಲು ಹತ್ತದೋರು ಯಾರಾದ್ರೂ ಇದಾರಾ? ಟ್ಯಾಗ್ ಮಾಡಿ ಅಂತ ಹೇಳೋಕಾಗಲ್ಲ, ಅವರಿಗೆ ಇನ್‌ಸ್ಟಾ ಇರಲ್ಲ. ಅವರಿಗೆ ಕಾಲು ಗಟ್ಟಿ ಇರೋವಾಗ್ಲೇ ಕರ್ಕೊಂಡ್ ಹೋಗಿ. ಬಂದ ಮೇಲೆ ಅವರು ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಬಡವನಹಳ್ಳಿ #ಮಧುಗಿರಿ #ಗೊಮ್ಮಟೇಶ್ವರಎಕ್ಸ್‌ಪ್ರೆಸ್ #ಸಕಲೇಶಪುರಘಾಟಿ #ರೈಲುಹುಚ್ಚು #ಅಜ್ಜಿಜೊತೆ